ಸಿದ್ಧಗಂಗೆಯ ದನಗಳ ಜಾತ್ರೆ: ಹಳ್ಳಿಕಾರ್ ಎತ್ತುಗಳನ್ನು ನೋಡಲು ಹೋಗಬೇಕಾದ ಜಾಗ

ತುಮಕೂರಿನ ಕ್ಯಾತ್ಸಂದ್ರದ ಬಳಿ ಶಿವರಾತ್ರಿಯ ಆಸುಪಾಸಿನಲ್ಲಿ ಪ್ರತಿವರ್ಷ ಸೇರುವ ಸಿದ್ಧಗಂಗೆಯ ದನಗಳ ಜಾತ್ರೆಗೆ, ರಾಸುಗಳ ಬಗ್ಗೆ ಆಸಕ್ತಿಯಿರುವವರು ಬೆಳಗಿನ ಹೊತ್ತಿನಲ್ಲೇ ಹೋಗುವುದು ಒಳ್ಳೆಯದು. ಬೂದುಬಿಳಿ ಮೈಬಣ್ಣದ, ಹಿಂದಕ್ಕೆ ಬಾಗಿ ಚೂಪಾಗಿ ಏಳುವ ಕೊಂಬಿನ ಹಳ್ಳಿಕಾರ್ ಜೋಡಿಗಳೇ ಇಲ್ಲಿನ ನಿಜವಾದ ಆಕರ್ಷಣೆ. ಹೆಸರಾಂತ ಅಮೃತಮಹಲ್ ತಳಿಗೂ ಮೂಲವೆನ್ನಲಾಗುವ ಈ ದನಗಳನ್ನು ಚಪ್ಪರದಡಿ ಕಟ್ಟಿ, ಕೊರಳಿಗೆ ಗೆಜ್ಜೆಸರ ಹಾಕಿ, ಕೆಲವರು ವಾದ್ಯದೊಂದಿಗೆ ಮೆರವಣಿಗೆಯಲ್ಲೇ ಕರೆತರುವುದನ್ನು ಕಂಡಾಗ ರೈತರ ಅಭಿಮಾನ ಎಷ್ಟು ಆಳವಾದದ್ದೆಂಬುದು ತಿಳಿಯುತ್ತದೆ. ವ್ಯಾಪಾರವನ್ನೂ ನಿಂತು ನೋಡಬೇಕು: ಕೊಳ್ಳುವವರು ಹಲ್ಲು ಎಣಿಸಿ ವಯಸ್ಸು ತಿಳಿದು, ನಡೆಸಿ ಕಾಲಿನ ಗಟ್ಟಿತನ ಪರೀಕ್ಷಿಸುತ್ತಾರೆ, ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದೇ ಬೆಲೆ ಕುದುರಿಸುವ ಹಳೆಯ ಪದ್ಧತಿ ನನಗೆ ಬಹಳ ಪ್ರಿಯ. ಪಕ್ಕದ ಕೃಷಿ ಮತ್ತು ಕೈಗಾರಿಕಾ ವಸ್ತುಪ್ರದರ್ಶನವೂ ಉಪಯುಕ್ತ. ಬಿಸಿಲು ಕಠಿಣವಾದ್ದರಿಂದ ಕುಡಿಯುವ ನೀರು, ಟೋಪಿ ಜೊತೆಗಿರಲಿ.