ಹಳೇ ಅಂಬಾಸಿಡರ್‌ನ ಆಯಿಲ್ ಲೀಕ್: ಕಾರ್ಕ್, ಪೇಸ್ಟ್, ರಬ್ಬರ್ ಕಾರ್ಕ್, ಯಾವುದು ನಿಂತಿತು?

ಹಳೇ ಪೆಟ್ರೋಲ್ ಅಂಬಾಸಿಡರ್‌ನಲ್ಲಿ ಮ್ಯಾನಿಫೋಲ್ಡ್ (ಎಂಜಿನ್‌ಗೆ ಗಾಳಿ-ಪೆಟ್ರೋಲ್ ಒಯ್ಯುವ, ಹೊಗೆ ಹೊರತರುವ ಕೊಳವೆಗಳು) ಕೆಳಗಿಂದ ಆಯಿಲ್ ಇಳಿಯುತ್ತಿದ್ದರೆ ಬೈಯಬೇಕಾದ್ದು ಮ್ಯಾನಿಫೋಲ್ಡನ್ನಲ್ಲ. ಮ್ಯಾನಿಫೋಲ್ಡೇ ಸೋರುವ ಎಂಜಿನ್‌ಗಳು ಬೇರೆ. ಷೆವ್ರೊಲೆ ಸ್ಮಾಲ್ ಬ್ಲಾಕ್‌ನಂಥ ಅಮೆರಿಕದ ವಿ-8 ಎಂಜಿನ್‌ಗಳಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡೇ ಟ್ಯಾಪೆಟ್ (ವಾಲ್ವ್ ಎತ್ತುವ ಭಾಗ) ಜಾಗಕ್ಕೆ ಮುಚ್ಚಳ. ಅದರ ಹಿಂದಿನ, ಮುಂದಿನ ಅಂಚು ಸಡಿಲವಾದರೆ ಆಯಿಲ್ ಹೊರಗೆ ಬರುತ್ತದೆ. ನಮ್ಮ ಅಂಬಾಸಿಡರ್‌ನ 1489 ಸಿಸಿ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಶನ್) ಎಂಜಿನ್ ಹಾಗಿಲ್ಲ. ಇಲ್ಲಿ ಸೋರುವುದು ಮ್ಯಾನಿಫೋಲ್ಡ್ ಹಿಂದೆ ಬ್ಲಾಕ್ ಮೇಲೆ ಕೂತಿರುವ ಎರಡು ತಗಡಿನ ಟ್ಯಾಪೆಟ್ ಕವರ್. ಅವುಗಳನ್ನು ಬಿಚ್ಚಬೇಕಂದ್ರೆ ಕಾರ್ಬುರೇಟರ್, ಮ್ಯಾನಿಫೋಲ್ಡ್ ಎಲ್ಲ ಕೆಳಗಿಳಿಸಬೇಕು. ಕೆಲಸದ ಸಂಕಟ ಇರೋದೇ ಇಲ್ಲಿ. ಹಾಗಾಗಿ ಕವರ್ ಮತ್ತು ಬ್ಲಾಕ್ ನಡುವೆ ಯಾವ ಪ್ಯಾಕಿಂಗ್ ಹಾಕುತ್ತೀರಿ ಅನ್ನೋದು ಸಣ್ಣ ಮಾತಲ್ಲ.

ಮೊದಲು ಎಂಜಿನ್ ತಲೆಯ ಮೇಲಿನ ಮುಚ್ಚಳ, ಅಂದರೆ ರಾಕರ್ ಕವರ್, ನೋಡಿಕೊಳ್ಳಿ. ಅದು ಸೋರಿದರೂ ಆಯಿಲ್ ಇದೇ ದಾರಿಯಲ್ಲಿ ಇಳಿಯುತ್ತದೆ. ಎಂಜಿನ್‌ನ ಆ ಬದಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಮೈಗೆ ಹಚ್ಚುವ ಪೌಡರ್ ಉದುರಿಸಿ, ಗಾಡಿ ಚಾಲೂ ಮಾಡಿ ಬಿಡಿ. ಗೆರೆ ಎಲ್ಲಿಂದ ಶುರುವಾಯಿತು ಅಂತ ಕಣ್ಣಿಗೇ ಕಾಣುತ್ತದೆ. ಒಳಗಿನ ಒತ್ತಡ ಹೊರಬಿಡುವ ಬ್ರೀದರ್ ಪೈಪನ್ನೂ ಬಿಚ್ಚಿ ಊದಿ ನೋಡಿ. ಅದು ಮುಂದಿನ ಟ್ಯಾಪೆಟ್ ಕವರ್‌ನಿಂದಲೇ ಹೊರಡುತ್ತದೆ. ಕಟ್ಟಿಕೊಂಡಿದ್ದರೆ ಒಳಗಿನ ಒತ್ತಡ ಯಾವ ಪ್ಯಾಕಿಂಗನ್ನೂ ಉಳಿಸೋದಿಲ್ಲ.

ಬೆಳಗಾವಿಯಲ್ಲಿ ಸುಲಭಕ್ಕೆ ಸಿಗೋದು ಮಾಮೂಲಿ ಕಾರ್ಕ್. ಎಂಜಿನ್ ಜೊತೆ ಹುಟ್ಟಿದ್ದೂ ಅದೇ. ಮೆತ್ತಗಿರುತ್ತದೆ, ಸ್ವಲ್ಪ ಸೊಟ್ಟಗಿದ್ದ ತಗಡಿಗೂ ಹೊಂದಿಕೊಳ್ಳುತ್ತದೆ. ಅಂಗಡಿಯಲ್ಲಿ ವರ್ಷಗಟ್ಟಲೆ ಬಿದ್ದದ್ದು ಒಣಗಿ ಚಿಕ್ಕದಾಗಿರುತ್ತದೆ. ಅದನ್ನು ಎಸೆಯಬೇಡಿ, ಬಿಸಿನೀರಲ್ಲಿ ನೆನೆಸಿದರೆ ಮತ್ತೆ ಅಳತೆಗೆ ಬರುತ್ತದೆ. ತೊಂದರೆ ಆಮೇಲಿಂದು. ಪಕ್ಕದಲ್ಲೇ ಎಗ್ಝಾಸ್ಟ್ ಇದೆಯಲ್ಲ, ಆ ಬಿಸಿಗೆ ಕಾರ್ಕ್ ಗಟ್ಟಿಯಾಗಿ ಕೂರುತ್ತದೆ. ಊರೊಳಗೆ ಓಡಾಡುವಾಗ ನನ್ನ ಗಾಡಿ ಒಣಗಿಯೇ ಇತ್ತು. ಚೋರ್ಲಾ ಘಾಟ್ ಹತ್ತಿ ಬಂದ ಮೇಲೆ ಮತ್ತೆ ಜಿನುಗಿತು.

ಎರಡನೇದು ಗ್ಯಾಸ್ಕೆಟ್ ಪೇಪರ್ ಕತ್ತರಿಸಿ ಶೆಲ್ಯಾಕ್ (ಅರಗಿನ ಅಂಟು) ಹಚ್ಚುವುದು. ಸಪಾಟಾಗಿ ಕೊರೆದ ಎರಕದ ಭಾಗಗಳಿಗೆ ಸರಿ. ತಗಡಿನ ಕವರ್‌ಗೆ ಅಲ್ಲ. ಇಷ್ಟೇ.

ಮೂರನೇದು ಆರ್‌ಟಿವಿ ಸಿಲಿಕಾನ್, ಅಂದರೆ ಟ್ಯೂಬಿನ ಪೇಸ್ಟ್. ಆಟೋ ನಗರದ ಮೆಕ್ಯಾನಿಕ್ ಒಬ್ಬರು ಬಹಳ ಭರವಸೆಯಿಂದ ಹೇಳಿದರು: "ಕಾರ್ಕ್ ಯಾಕ್ರಿ ಸಾಹೇಬ್ರ, ಪೇಸ್ಟ್ ಹಚ್ಚಿ ಒತ್ತಿಬಿಡ್ರಿ, ಮತ್ತ ನೋಡೂದ ಬ್ಯಾಡ." ಅವರ ಮಾತು ಅರ್ಧ ನಿಜ. ಪೇಸ್ಟ್ ಗಾಳಿಯ ತೇವದಿಂದ ಗಟ್ಟಿಯಾಗುವ ವಸ್ತು. ನಮ್ಮ ಬೆಳಗಾವಿ ಮಳೆಗಾಲದಲ್ಲಿ ಅದಕ್ಕೆ ತೇವದ ಕೊರತೆ ಇಲ್ಲ, ಆದರೂ ಪೂರ್ತಿ ಗಟ್ಟಿಯಾಗಲು ಸುಮಾರು 24 ಗಂಟೆ ಬಿಡಬೇಕು. ಆದರೆ ಹಚ್ಚುವ ಜಾಗದಲ್ಲಿ ಆಯಿಲ್ ಇರದೆ ಪೂರ್ತಿ ಒಣಗಿರಬೇಕು. ಇಲ್ಲಿ ಬ್ಲಾಕ್ ಗೋಡೆಯಂತೆ ನೆಟ್ಟಗೆ ನಿಂತಿದೆ. ಒರೆಸಿ ಕೈ ತೆಗೆಯುವಷ್ಟರಲ್ಲಿ ಒಳಗಿನಿಂದ ಆಯಿಲ್ ಕೆಳ ಅಂಚಿಗೆ ಇಳಿದಿರುತ್ತದೆ. ಪೇಸ್ಟ್ ಅಲ್ಲೇ ಕೈಕೊಡಬಹುದು. ಜಾಸ್ತಿ ಹಚ್ಚಿದರೆ ಒಳಗೂ ಉಬ್ಬುತ್ತದೆ. ಆ ಚೂರು ಕಿತ್ತು ಸಂಪ್‌ಗೆ, ಅಂದರೆ ಕೆಳಗಿನ ಆಯಿಲ್ ತೊಟ್ಟಿಗೆ, ಬಿದ್ದರೆ ಆಯಿಲ್ ಪಂಪಿನ ಜಾಲರಿಗೆ ಅಡ್ಡ ಬರಬಹುದು. ಕಾರ್ಬುರೇಟರ್ ಉಕ್ಕಿ ಪೆಟ್ರೋಲ್ ತಾಗಿದರೆ ಸಿಲಿಕಾನ್ ಉಬ್ಬಿ ಸಡಿಲವಾಗುತ್ತದೆ. ಮುಂದೊಂದು ದಿನ ಬಿಚ್ಚುವಾಗ ಸ್ಕ್ರೂಡ್ರೈವರ್ ಹಾಕಿ ಕೀಳಬೇಕು, ತಗಡು ಡೊಂಕಾಗುತ್ತದೆ. ಆಯಿಲ್ ನಿಲ್ಲಲಿಲ್ಲ ಅಂತಲ್ಲ, ನಿಂತಿತು. ಬಿಚ್ಚಿ ನೋಡಿದ ಮೇಲೆ ನನಗೇ ಮತ್ತೆ ಹಚ್ಚುವ ಮನಸ್ಸಾಗಲಿಲ್ಲ.

ನನಗೆ ಒಪ್ಪಿದ್ದು ರಬ್ಬರ್ ಕಾರ್ಕ್. ಟ್ರಾನ್ಸ್‌ಫಾರ್ಮರ್‌ಗಳಿಗೆ ಹಾಕುತ್ತಾರಲ್ಲ, ಆ ಶೀಟು. ಉದ್ಯಮಬಾಗ್ ಕಡೆ ಫೌಂಡ್ರಿ, ಮಶೀನ್ ಶಾಪ್‌ಗಳಿಗೆ ಸಾಮಾನು ಕೊಡುವ ಅಂಗಡಿಯಲ್ಲಿ ವಿಚಾರಿಸಿ. ಹಳೇ ಪ್ಯಾಕಿಂಗನ್ನೇ ಅಳತೆ ಇಟ್ಟು ಬ್ಲೇಡಿನಲ್ಲಿ ಕತ್ತರಿಸಿದರಾಯಿತು. ನೈಟ್ರೈಲ್ ರಬ್ಬರ್ ಬೆರೆಸಿದ್ದೇ ಬೇಕು ಅಂತ ಕೇಳಿ, ಆಯಿಲ್ ತಡೆಯೋದು ಅದು. ಬರೀ ಕಾರ್ಕಿನಂತೆ ಬೇಗ ಒಣಗಿ ಬಿರಿಯೋದಿಲ್ಲ, ಒತ್ತಿದ್ದು ಮತ್ತೆ ಮೇಲೇಳುವ ಗುಣವೂ ಇದೆ. ಕವರ್ ಬದಿಗೆ ಮಾತ್ರ ರಬ್ಬರ್ ಸೊಲ್ಯೂಷನ್ ತೆಳ್ಳಗೆ ಹಚ್ಚಿ ಅಂಟಿಸಿದೆ. ಬ್ಲಾಕ್ ಬದಿಗೆ ಗ್ರೀಸ್ ಸವರಿ ಬಿಟ್ಟೆ. ಹೀಗೆ ಮಾಡಿದರೆ ಕೂರಿಸುವಾಗ ಪ್ಯಾಕಿಂಗ್ ಜಾರೋದಿಲ್ಲ, ಬಿಚ್ಚುವಾಗ ಹರಿಯೋದೂ ಇಲ್ಲ. ಅದೇ ಘಾಟ್ ಹತ್ತಿಸಿ ಬಂದೆ, ಪೌಡರ್ ಬೆಳ್ಳಗೇ ಇತ್ತು.

ಆದರೆ ಕವರ್ ಸೊಟ್ಟಗಿದ್ದರೆ ರಬ್ಬರ್ ಕಾರ್ಕ್ ಮಾಮೂಲಿ ಕಾರ್ಕ್‌ನಷ್ಟು ಕ್ಷಮಿಸೋದಿಲ್ಲ. ಒಂದೊಂದು ಕವರ್‌ಗೆ ನಡುವೆ ಒಂದೇ ಬೋಲ್ಟ್. ಸೋರಿದಾಗಲೆಲ್ಲ ಅದನ್ನು ಬಿಗಿದು ಬಿಗಿದು ನಡು ಒಳಗೆ ಹೋಗಿ ಅಂಚು ಎದ್ದಿರುತ್ತದೆ. ಸಪಾಟು ಕಬ್ಬಿಣದ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ತಟ್ಟಿ ನೇರ ಮಾಡಿಕೊಳ್ಳಿ. ಬಿಗಿಯುವಾಗ ಉದ್ದ ಪಾನಾ ಹಿಡಿಯಲೇಬೇಡಿ, ಪ್ಯಾಕಿಂಗ್ ಸ್ವಲ್ಪ ಒತ್ತಿದಂತೆ ಕಂಡರೆ ಸಾಕು. ಬೋಲ್ಟ್ ತಲೆ ಕೆಳಗಿನ ವಾಷರ್ ಹೊಸದಿರಲಿ, ಅಲ್ಲಿಂದಲೂ ಆಯಿಲ್ ಬರುತ್ತದೆ.

ಗಾಡಿ ವರ್ಷದಲ್ಲಿ ಹೆಚ್ಚು ಕಾಲ ಶೆಡ್‌ನಲ್ಲೇ ನಿಲ್ಲುವುದಾದರೆ ಮಾಮೂಲಿ ಕಾರ್ಕ್ ಸಾಕು, ಸುಮ್ನೆ ಶೀಟು ಹುಡುಕಿಕೊಂಡು ಅಲೆಯಬೇಡಿ. ಮ್ಯಾನಿಫೋಲ್ಡ್ ವಾಪಸ್ ಕೂರಿಸುವಾಗ ಮಾತ್ರ ಯಾರು ಹೇಳಿದರೂ ಪೇಸ್ಟ್ ಬೇಡ. ಅಲ್ಲಿ ಒಂದು ಕಡೆ ಪೆಟ್ರೋಲ್, ಇನ್ನೊಂದು ಕಡೆ ಎಗ್ಝಾಸ್ಟ್ ಬಿಸಿ. ಹೊಸ ಗ್ಯಾಸ್ಕೆಟನ್ನು ಏನೂ ಹಚ್ಚದೆ ಹಾಗೇ ಹಾಕಿ, ಎರಡೂ ಮ್ಯಾನಿಫೋಲ್ಡನ್ನು ಒಟ್ಟಿಗೆ ಒತ್ತುವ ದಪ್ಪ ವಾಷರ್‌ಗಳು ಎರಡೂ ಕಡೆ ಸಮ ಕೂತಿವೆಯಾ ನೋಡಿ. ಇಲ್ಲದಿದ್ದರೆ ಗಾಳಿ ಎಳೆದು ಐಡ್ಲಿಂಗ್ ಏರುಪೇರಾಗುತ್ತದೆ.