ಇಳಕಲ್ಲಿನ ಸೀರೆ ಅಂಗಡಿಯಲ್ಲಿ ಎಐ ಬಿಲ್ಲಿಂಗ್ ಆ್ಯಪ್: 14 ತಿಂಗಳ ಬಳಕೆಯ ನಂತರ

ರೇಟಿಂಗ್: 5ಕ್ಕೆ 3. ಮೊದಲ ಮೂರು ತಿಂಗಳಲ್ಲಿ ಕೇಳಿದ್ದರೆ 1 ಕೊಡುತ್ತಿದ್ದೆ.

ಕನ್ನಡದಲ್ಲಿ ಮಾತಾಡಿದರೆ ಬಿಲ್ ಬರೆಯುತ್ತದೆ ಅಂತ ಈ ಆ್ಯಪ್ ಹಾಕಿಕೊಂಡೆ. ಗಿರಾಕಿಗೆ ಸೀರೆ ಬಿಚ್ಚಿ ತೋರಿಸುವಾಗ ಎರಡೂ ಕೈ ತುಂಬಿರುತ್ತವೆ, ಟೈಪ್ ಮಾಡೋದು ಎಲ್ಲಿಂದ ಬಂತು?

ಮೊದಮೊದಲು ಅದಕ್ಕೆ ನಮ್ಮ ಮಾತು ಹತ್ತಲಿಲ್ಲ. ‘ಚಿಕ್ಕಿ ಪರಾಸ್ ದಡಿ, ಒಂದೂವರಿ ಸಾವಿರ’ ಅಂದೆ. ಅದು ‘ಚಿಕ್ಕ ಪರಸು, 1000’ ಅಂತ ಬರೆಯಿತು. ತಪ್ಪು ಕೇಳಿಸಿಕೊಂಡದ್ದಕ್ಕೆ ಸಿಟ್ಟಿಲ್ಲ. ಅಂಗಡಿಗೆ ಹೊಸದಾಗಿ ಬಂದ ಹುಡುಗರಿಗೂ ದಡಿಗಳ ಹೆಸರು ಬಾಯಿಗೆ ಹತ್ತಲು ತಿಂಗಳುಗಟ್ಟಲೆ ಬೇಕು. ಆದರೆ ಗೊತ್ತಾಗದಿದ್ದರೆ ಹುಡುಗರು ತಿರುಗಿ ಕೇಳುತ್ತಾರೆ, ಆ್ಯಪ್ ಕೇಳಲಿಲ್ಲ. ಸೀದಾ ಬಿಲ್‌ಗೆ ಹಾಕಿತು, ಗಿರಾಕಿ 1000 ಕೊಟ್ಟು ಹೋದರು. ಒಡಲಿಗೆ ಸೆರಗನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸಿದ ಸೀರೆ ಅದು.

ನಂತರದ ಅಪ್‌ಡೇಟ್‌ನಲ್ಲಿ ಇದು ಸರಿಯಾಯಿತು. ಈಗ ಅನುಮಾನ ಇದ್ದ ಪದ ಹಳದಿ ಬಣ್ಣದಲ್ಲಿ ಬರುತ್ತದೆ. ಮುಟ್ಟಿದರೆ ಇನ್ನೆರಡು ಪದ ತೋರಿಸುತ್ತದೆ. ನಾನು ‘ಸರಿ’ ಒತ್ತುವವರೆಗೆ ಏನೂ ಸೇವ್ ಆಗಲ್ಲ. ‘ಟೋಪ ತೆನಿ’ ಅಂದರೆ ನಮ್ಮ ಸೀರೆಯ ಸೆರಗಿನ ಒಂದು ವಿನ್ಯಾಸ. ಅದನ್ನು ನಾನು ಎರಡು ಸಲ ತಿದ್ದಿದೆ, ಮೂರನೇ ಸಲ ಆ್ಯಪ್ ತಾನೇ ಸರಿಯಾಗಿ ಬರೆಯಿತು. ಅವತ್ತು ತುಂಬಾ ಖುಷಿಯಾಯ್ತು. ಮೈಕ್ರೋಸಾಫ್ಟ್‌ನವರು 2019ರಲ್ಲೇ ಇಂಥ ಫೀಚರ್‌ಗಳಿಗೆ 18 ಸೂತ್ರ ಹೇಳಿದ್ದಾರಂತೆ, ತಪ್ಪನ್ನು ಸುಲಭವಾಗಿ ತಿದ್ದುವಂತಿರಬೇಕು ಅನ್ನೋದು ಅದರಲ್ಲಿ ಒಂದು ಅಂತ ಮಗ ಹೇಳಿದ. ಅಂಗಡಿಯಲ್ಲಿ ಕೂತವರಿಗೆ ಅದಕ್ಕಿಂತ ದೊಡ್ಡದು ಯಾವುದೂ ಇಲ್ಲ.

ಖರೀದಿ ಬಿಲ್‌ನ ಫೋಟೋ ಓದೋದು ಚೆನ್ನಾಗಿದೆ, ಕೈಬರಹ ಇದ್ದರೆ ಮಾತ್ರ ತಡವರಿಸುತ್ತದೆ.

ಎರಡು ಸ್ಟಾರ್ ಕಡಿಮೆ ಮಾಡಿದ್ದು ಉದ್ರಿ ಮೆಸೇಜ್‌ಗೆ. ಬಾಕಿ ಇರುವವರಿಗೆ ಎಐ ತಾನೇ ಮೆಸೇಜ್ ಬರೆದು ಕಳಿಸುವ ಫೀಚರ್ ಒಂದು ಅಪ್‌ಡೇಟ್‌ನಲ್ಲಿ ಬಂತು, ಬರುವಾಗಲೇ ಆನ್ ಆಗಿತ್ತು. ನನಗೆ ಗೊತ್ತೇ ಇರಲಿಲ್ಲ. ಹುನಗುಂದದ ಕಡೆಯ ಒಬ್ಬ ತಾಯಿ ನಮ್ಮ ಅಪ್ಪನ ಕಾಲದಿಂದ ಬರುವವರು. ಮಗಳ ಮದುವೆಗೆ ಒಯ್ದ ಸೀರೆಗಳ ಬಾಕಿ ಸುಗ್ಗಿಯಾದ ಮೇಲೆ ಅಂತ ಮಾತಾಗಿತ್ತು. ಆ ಮೆಸೇಜ್ ಅವರಿಗೂ ಹೋಗಿತ್ತು. ಒಂದು ಮಧ್ಯಾಹ್ನ ಬಂದು ಸೆರಗಿನ ಗಂಟು ಬಿಚ್ಚಿ ದುಡ್ಡು ಎಣಿಸಿಟ್ಟರು. ‘ನನ್ನ ಮ್ಯಾಲ ನಂಬಿಕಿ ಹೋತೇನು?’ ಅಂದರು. ಚಹಾ ಕುಡೀರಿ ಅಂದರೂ ಕೂರಲಿಲ್ಲ.

ಅದನ್ನು ಆಫ್ ಮಾಡುವ ಬಟನ್ ಸೆಟ್ಟಿಂಗ್ಸ್‌ನ ನಾಲ್ಕನೇ ಪುಟದಲ್ಲಿದೆ. ಮೊದಲ ಪುಟಕ್ಕೆ ತನ್ನಿ, ಆಫ್ ಇಟ್ಟೇ ಕೊಡಿ. ಮೆಸೇಜ್ ಬರೆದಿಡಲಿ, ಬೇಡ ಅನ್ನಲ್ಲ. ಯಾರಿಗೆ, ಯಾವಾಗ ಕಳಿಸಬೇಕು ಅಂತ ನನ್ನನ್ನು ಕೇಳಲಿ. ಇದು ಸರಿಯಾದ ದಿನ ರೇಟಿಂಗ್ ಬದಲಿಸುತ್ತೇನೆ.