ಪ್ಯಾಚೋ, ಡ್ರಾಪ್ಸೋ, ಆಪರೇಷನ್ನೋ? ಮಗಳ ಮೆಳ್ಳೆಗಣ್ಣಿಗೆ ನಾವು ಮಾಡಿ ನೋಡಿದ್ದು

ಮಗುವಿಗೆ ಮೆಳ್ಳೆಗಣ್ಣು ಅಂತ ಗೊತ್ತಾದ ಕೂಡಲೇ ಎಲ್ಲರೂ ಕೇಳುವುದು ಒಂದೇ: "ಯಾವುದು ಮಾಡಿಸಿದರೆ ಬೇಗ ವಾಸಿಯಾಗುತ್ತೆ?" ಕನ್ನಡಕ, ಒಳ್ಳೆಯ ಕಣ್ಣನ್ನು ಮುಚ್ಚುವ ಪ್ಯಾಚ್, ಡ್ರಾಪ್ಸ್, ಆಪರೇಷನ್ ನಾಲ್ಕನ್ನೂ ಕಂಡ ಮೇಲೆ ನಾನು ಹೇಳುವುದು ಇಷ್ಟು: ಈ ನಾಲ್ಕೂ ಒಂದೇ ಕೆಲಸ ಮಾಡುವುದಿಲ್ಲ. ಒಂದರ ಬದಲು ಇನ್ನೊಂದು ಅಂತ ಆರಿಸಿಕೊಳ್ಳಲು ಬರುವುದು ಪ್ಯಾಚು ಮತ್ತು ಡ್ರಾಪ್ಸುಗಳ ನಡುವೆ ಮಾತ್ರ.

ನಮ್ಮ ಮಗಳದು ಒಳಮುಖದ ಮೆಳ್ಳೆ. ಎರಡು ವರ್ಷ ದಾಟಿದ ಮೇಲೆ ಎಡಗಣ್ಣು ಮೂಗಿನ ಕಡೆ ಸರಿಯತೊಡಗಿತು, ಚಿತ್ರದ ಪುಸ್ತಕ ನೋಡುವಾಗ ಇನ್ನೂ ಜಾಸ್ತಿ. ಹುಟ್ಟಿದ ಮೊದಲ ಮೂರ್ನಾಲ್ಕು ತಿಂಗಳು ಕಣ್ಣು ಆಗಾಗ ಆಚೀಚೆ ಹೋಗುವುದು ಸಹಜ. ಮೂಗಿನ ಬುಡ ಅಗಲವಿರುವ ಕೂಸುಗಳಿಗೆ ಮೆಳ್ಳೆ ಇಲ್ಲದಿದ್ದರೂ ಇದ್ದಂತೆ ಕಾಣುತ್ತದೆ. ಇವಳದು ಅದಾವುದೂ ಅಲ್ಲ. "ಮೆಳ್ಳೆಗಣ್ಣು ಅದೃಷ್ಟ ಕಣೇ, ಸುಮ್ಮನಿರು" ಎಂದರು ನಮ್ಮತ್ತೆ. ಡಾಕ್ಟರು ಮಾತ್ರ ಮೊದಲು ಪಾಪೆ ಹಿಗ್ಗಿಸಿ ಕಣ್ಣಿನ ಹಿಂಭಾಗ ಪರೀಕ್ಷಿಸಿದರು. ಅಪರೂಪಕ್ಕೆ ಕಣ್ಣೊಳಗಿನ ಗಡ್ಡೆಯೂ ಮೊದಲು ಮೆಳ್ಳೆಯ ರೂಪದಲ್ಲೇ ಕಾಣಿಸಿಕೊಳ್ಳುತ್ತದೆ. "ದೊಡ್ಡವಳಾದರೆ ತಾನೇ ಸರಿಹೋಗುತ್ತೆ" ಎನ್ನುವ ಮಾತಿಗೆ ಇದೊಂದೇ ಕಾರಣಕ್ಕೂ ಕಿವಿಗೊಡಬಾರದು.

ಮೊದಲು ಬಂದದ್ದು ಕನ್ನಡಕ. ಪ್ಲಸ್ ಪವರ್ ಇರುವ, ಅಂದರೆ ಹತ್ತಿರದ್ದು ಕಾಣಲು ಹೆಚ್ಚು ಕಷ್ಟಪಡುವ ಮಗು ಸ್ಪಷ್ಟವಾಗಿ ಕಾಣಬೇಕೆಂದು ಕಣ್ಣಿಗೆ ಶ್ರಮ ಕೊಡುತ್ತದೆ, ಆ ಶ್ರಮದ ಜೊತೆಗೇ ಕಣ್ಣು ಒಳಕ್ಕೆ ಸೆಳೆಯುತ್ತದೆ. ಕನ್ನಡಕ ಆ ಶ್ರಮ ತಪ್ಪಿಸುತ್ತದೆ. ಕೆಲವು ಮಕ್ಕಳಿಗೆ ಇಷ್ಟರಲ್ಲೇ ಕಣ್ಣು ನೇರವಾಗುತ್ತದೆ. ನಮ್ಮವಳಿಗೆ ಅರ್ಧ ಮಾತ್ರ ಆಯಿತು. ಜೊತೆಗೆ ಎಡಗಣ್ಣಿನ ದೃಷ್ಟಿ 6/36ರಲ್ಲೇ ನಿಂತಿತ್ತು (ಸರಿಯಾದ ಕಣ್ಣಿಗೆ 36 ಮೀಟರಿನಿಂದ ಕಾಣುವ ಅಕ್ಷರ ಇವಳಿಗೆ 6 ಮೀಟರಿನಿಂದ ಮಾತ್ರ ಕಾಣುತ್ತದೆ; 6/6 ಎಂದರೆ ಸರಿಯಾದ ದೃಷ್ಟಿ). ತಿರುಗಿದ ಕಣ್ಣಿನ ಚಿತ್ರವನ್ನು ಮಿದುಳು ಬೇಡವೆಂದು ಬಿಟ್ಟುಬಿಡುತ್ತದೆ, ಬಿಟ್ಟು ಬಿಟ್ಟು ಆ ಕಣ್ಣು ಸೋಮಾರಿಯಾಗುತ್ತದೆ. ಅದನ್ನು ಎಬ್ಬಿಸಬೇಕಾದರೆ ಚೆನ್ನಾಗಿರುವ ಕಣ್ಣಿಗೆ ಸ್ವಲ್ಪ ಹೊತ್ತು ಅಡ್ಡಿ ಮಾಡಬೇಕು. ಅದಕ್ಕೇ ಪ್ಯಾಚು, ಅದಕ್ಕೇ ಡ್ರಾಪ್ಸು.

ಪ್ಯಾಚಿನಲ್ಲೇ ಎರಡು ಬಗೆ ನೋಡಿದೆವು. ಚರ್ಮಕ್ಕೆ ಅಂಟಿಸುವುದು ಪಕ್ಕಾ ಕೆಲಸ ಮಾಡುತ್ತದೆ, ಎಲ್ಲಿಂದಲೂ ಇಣುಕಲು ಆಗುವುದಿಲ್ಲ. ಆದರೆ ಬೇಸಿಗೆಯಲ್ಲಿ ಬೆವರಿಗೆ ಅಂಚು ಬಿಟ್ಟುಕೊಳ್ಳುತ್ತದೆ, ಹುಬ್ಬಿನ ಕೂದಲು ಕೀಳುತ್ತದೆ, ಕೆನ್ನೆಯ ಮೇಲೆ ಕೆಂಪು ಗುಳ್ಳೆ. ತೆಗೆಯುವ ಮೊದಲು ಅಂಚಿಗೆ ಕೊಬ್ಬರಿ ಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟರೆ ಅಳು ಕಡಿಮೆ. ಕನ್ನಡಕಕ್ಕೆ ಹಾಕುವ ಬಟ್ಟೆಯ ಕವಚ ಚರ್ಮಕ್ಕೆ ಹಿತ, ನಮ್ಮ ಬೀದಿಯ ಟೈಲರೇ ಹೊಲಿದುಕೊಟ್ಟರು. ಆದರೆ ಮಕ್ಕಳು ಬುದ್ಧಿವಂತರು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಮೇಲಿಂದ ಒಳ್ಳೆಯ ಕಣ್ಣಲ್ಲೇ ಟಿವಿ ನೋಡುತ್ತಿದ್ದಳು! ಪಕ್ಕದಲ್ಲಿ ಯಾರಾದರೂ ಕೂತಿರದಿದ್ದರೆ ಬಟ್ಟೆಯ ಕವಚ ಇದ್ದೂ ಇಲ್ಲದಂತೆ.

ಪ್ಯಾಚು ದಿನಕ್ಕೆ ಎರಡು ಗಂಟೆ ಸಾಕು ಎಂದು ಡಾಕ್ಟರು ಹೇಳಿದಾಗ ಕಡಿಮೆಯಾಯಿತೇನೋ ಎನಿಸಿತ್ತು. ಆದರೆ ಅಮೆರಿಕದಲ್ಲಿ ಮಕ್ಕಳ ಮೇಲೆ ನಡೆದ, 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಧ್ಯಮ ಮಟ್ಟದ ಸೋಮಾರಿ ಕಣ್ಣಿಗೆ ಎರಡು ಗಂಟೆಯ ಪ್ಯಾಚೂ ಆರು ಗಂಟೆಯ ಪ್ಯಾಚೂ ಹೆಚ್ಚು ಕಡಿಮೆ ಒಂದೇ ಫಲ ಕೊಟ್ಟವು. ಪ್ಯಾಚಿನಿಂದ ಇವಳ ಎಡಗಣ್ಣು 6/18ಕ್ಕೆ ಬಂತು. ಆಮೇಲೆ ಮನೆಯಲ್ಲಿ ದಿನಾ ಯುದ್ಧ, ನಂಬರು ಅಲ್ಲೇ ನಿಂತಿತು.

ಆಗ ಅಟ್ರೋಪಿನ್. ಶೇಕಡಾ 1ರ ಡ್ರಾಪ್ಸನ್ನು ಒಳ್ಳೆಯ ಕಣ್ಣಿಗೆ ಹಾಕಿದರೆ ಆ ಕಣ್ಣಿಗೆ ಹತ್ತಿರದ್ದು ಮಸುಕಾಗುತ್ತದೆ, ಹತ್ತಿರದ ಕೆಲಸಕ್ಕೆ ಸೋಮಾರಿ ಕಣ್ಣೇ ದುಡಿಯಬೇಕಾಗುತ್ತದೆ. ನಮಗೆ ಹೇಳಿದ್ದು ಶನಿವಾರ, ಭಾನುವಾರ ಮಾತ್ರ. ಒಮ್ಮೆ ಹಾಕಿದರೆ ಪರಿಣಾಮ ಒಂದು ವಾರವೂ ಉಳಿಯಬಹುದು, ಹಾಗಾಗಿ ಮಗು ಕದ್ದು ಇಣುಕುವ ಪ್ರಶ್ನೆಯೇ ಇಲ್ಲ. ಶಾಲೆಯಲ್ಲಿ ಯಾರೂ "ಕಣ್ಣಿಗೆ ಏನಾಯ್ತು?" ಅನ್ನುವುದಿಲ್ಲ. ನನಗೆ ಇದೇ ದೊಡ್ಡ ಲಾಭ ಎನಿಸಿತು, ಏಕೆಂದರೆ ಎಲ್‌ಕೆಜಿಯಲ್ಲಿ ಅವಳಿಗೆ "ಪೈರೇಟ್" ಎಂದು ಹೆಸರಿಟ್ಟಿದ್ದರು.

ಕಷ್ಟವೂ ಇದೆ. ಪಾಪೆ ಹಿಗ್ಗಿರುವುದರಿಂದ ಬಿಸಿಲಿಗೆ ಕಣ್ಣು ಬಿಡಲಾಗುವುದಿಲ್ಲ, ಟೋಪಿ ಬೇಕೇ ಬೇಕು. ಮುಖ ಕೆಂಪಾದರೆ, ಜ್ವರ ಬಂದರೆ, ಬಾಯಿ ಒಣಗಿದರೆ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಬೇಕು. ಹಾಕಿದ ಮೇಲೆ ಮೂಗಿನ ಪಕ್ಕದ ಕಣ್ಣಂಚನ್ನು ಬೆರಳಿಂದ ಒಂದೆರಡು ನಿಮಿಷ ಒತ್ತಿ ಹಿಡಿದರೆ ಔಷಧಿ ಮೈಗೆ ಇಳಿಯುವುದು ಕಡಿಮೆ. ಶೀಶೆ ಮಕ್ಕಳ ಕೈಗೆ ಸಿಗಬಾರದು, ಕುಡಿದರೆ ವಿಷ. ಇನ್ನೊಂದು ಮಾತು: ಹತ್ತಿರದ ಕೆಲಸ ಕೊಡದಿದ್ದರೆ ಡ್ರಾಪ್ಸು ವ್ಯರ್ಥ. ಅಜ್ಜಿಯ ಜೊತೆ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುವುದು, ಮಣಿ ಪೋಣಿಸುವುದು, ಚುಕ್ಕಿ ರಂಗೋಲಿ ಇವೇ ನಮ್ಮ ವ್ಯಾಯಾಮ. ಅದೃಷ್ಟ ಎಂದಿದ್ದ ಅತ್ತೆಯೇ ಮೊರ ಹಿಡಿದು ಕೂತರು.

ಫಲ ಯಾವುದರಲ್ಲಿ ಜಾಸ್ತಿ? 2002ರಲ್ಲಿ ಇವೆರಡನ್ನೂ ಎದುರುಬದುರು ಇಟ್ಟು ನೋಡಿದ ಅಧ್ಯಯನದಲ್ಲಿ ಪ್ಯಾಚಿನವರು ಸ್ವಲ್ಪ ಬೇಗ ಸುಧಾರಿಸಿದರು, ಆರು ತಿಂಗಳ ಹೊತ್ತಿಗೆ ಇಬ್ಬರೂ ಹತ್ತಿರ ಹತ್ತಿರ ಸಮ. ನಮ್ಮ ಮನೆಯ ಮಟ್ಟಿಗೆ ನಾನು ಡ್ರಾಪ್ಸಿನ ಪಕ್ಷ. ಹಟ ಮಾಡದೆ ಅಂಟಿಸಿಕೊಳ್ಳುವ ಮಗುವಾದರೆ ಪ್ಯಾಚೇ ಮೇಲು, ಬೇಡವೆನಿಸಿದಾಗ ಕಿತ್ತು ಹಾಕಬಹುದು. ಡ್ರಾಪ್ಸನ್ನು ಹಾಕಿದ ಮೇಲೆ ವಾಪಸ್ಸು ತೆಗೆಯಲಾಗುವುದಿಲ್ಲ.

ವಾಟ್ಸಾಪಿನಲ್ಲಿ ಬಂಧುಗಳು ಕಳಿಸಿದ "ಪೆನ್ಸಿಲ್ ನೋಡುತ್ತಾ ಮೂಗಿನ ಹತ್ತಿರ ತನ್ನಿ" ವಿಡಿಯೊಗಳನ್ನು ಪಕ್ಕಕ್ಕಿಟ್ಟೆವು. ಹತ್ತಿರ ನೋಡುವಾಗ ಕಣ್ಣುಗಳು ಸಾಕಷ್ಟು ಒಳಕ್ಕೆ ಬರದವರಿಗೆ ಅದು ಉಪಯೋಗ. ಮೊದಲೇ ಒಳಕ್ಕೆ ತಿರುಗಿದ ಕಣ್ಣಿಗೆ ಅಲ್ಲ.

ಆಪರೇಷನ್ ಬಂದದ್ದು ದೃಷ್ಟಿ 6/9 ತಲುಪಿದ ಮೇಲೆ. ಕನ್ನಡಕ ಹಾಕಿದರೂ ಉಳಿದಿದ್ದ ಓರೆಗಷ್ಟೇ ಅದು. ಕಣ್ಣುಗುಡ್ಡೆ ಹೊರಗೆ ತೆಗೆಯುತ್ತಾರೆ ಅನ್ನುವುದು ಸುಳ್ಳು. ಒಳಬದಿಯ ಸ್ನಾಯುವನ್ನು ಬಿಡಿಸಿ ಕೆಲವೇ ಮಿಲಿಮೀಟರ್ ಹಿಂದಕ್ಕೆ ಹೊಲಿಯುತ್ತಾರೆ. ಹೊಲಿಗೆ ತಾನೇ ಕರಗುತ್ತದೆ. ಮಕ್ಕಳಿಗೆ ಪೂರ್ತಿ ಅರಿವಳಿಕೆ ಕೊಡಬೇಕು, ನಮಗೆ ಭಯವಿದ್ದದ್ದೂ ಅಲ್ಲೇ. ಕಣ್ಣು ಕೆಲವು ವಾರ ಕೆಂಪಾಗಿತ್ತು, ಅಷ್ಟೇ. ಕೆಲವರಿಗೆ ಎರಡನೇ ಸಲವೂ ಬೇಕಾಗುತ್ತದೆ ಎಂದು ಮೊದಲೇ ಹೇಳಿದ್ದರು. "ಇನ್ನು ಕನ್ನಡಕ ಬೇಡವಲ್ಲ?" ಎಂದು ಕೇಳದ ನೆಂಟರಿಲ್ಲ. ಬೇಕು. ಪ್ಲಸ್ ಪವರು ಇದ್ದಲ್ಲೇ ಇದೆ, ಕನ್ನಡಕ ತೆಗೆದರೆ ಕಣ್ಣು ಮತ್ತೆ ಒಳಕ್ಕೆ ಸರಿಯುತ್ತದೆ.

ಆಪರೇಷನ್ ಆದ ಮೇಲೂ ಡ್ರಾಪ್ಸು ಒಮ್ಮೆಲೇ ನಿಲ್ಲಿಸಲಿಲ್ಲ. ಚಿಕಿತ್ಸೆ ಬಿಟ್ಟ ಮೊದಲ ವರ್ಷದಲ್ಲಿ ಸುಮಾರು ನಾಲ್ಕರಲ್ಲೊಂದು ಮಗುವಿಗೆ ಕಣ್ಣಿನ ಸೋಮಾರಿತನ ಮರಳುತ್ತದೆ. ಈಗ ಭಾನುವಾರ ಮಾತ್ರ ಒಂದು ಹನಿ, ಮುಂದಿನ ಪರೀಕ್ಷೆಯಲ್ಲೂ 6/9 ಉಳಿದಿದ್ದರೆ ಅದೂ ಬಂದ್.